ಏಳು ಮಂದಿಯ ಆಯಗಾರ

ಮುಂಡರಗಿ
9 ಮಾರ್ಚ್ 1978

ಬೀರ್ಯಾ,

ಶಾಸಕನಾದವನನ್ನು ಹೀಗೆ ಕರೆಯಬಾರದೆಂದು ದಾವಲಬಿ ಗದರಿಸಿದಳು. ಏಳನೆಯ ಇಯತ್ತೆಯವರೆಗೆ ನಿನ್ನ ಜೊತೆ ಒಂದೇ ಪಾಟಿ ಹಂಚಿಕೊಂಡವನ ಹೆಂಡತಿ ಆಕೆ, ಆದರೂ ಗದರಿಸಿದಳು. ಇದೊಂದು ಸಲ ಕರೆದುಬಿಡುತ್ತೇನೆ.

ಗದಗಿನಲ್ಲಿ ನೀನು ರೈಲು ಹತ್ತುವ ಅವಸರದಲ್ಲಿ ಕರಾರನ್ನು ಪೂರ್ತಿ ಕೇಳಿಸಿಕೊಂಡೆಯೋ ಇಲ್ಲವೋ ಎಂಬ ಅನುಮಾನ ಏಳು ಮಂದಿಗೂ ಇದೆ. ಬರೆದು ಕಳಿಸು ಎಂದರು. ಅಂಗಡಿಯಲ್ಲಿ ಹೊಲಿಯಲು ಇವತ್ತು ಎರಡೇ ಅಂಗಿ ಇವೆ. ಬರೆಯುತ್ತಿದ್ದೇನೆ.

ಚುನಾವಣೆಗೆ ನಮ್ಮೂರಿನ ಪ್ರತಿ ಮನೆಯೂ ಒಂದು ಸೇರು ಜೋಳ ಕೊಟ್ಟಿತು. ನೀಲಪ್ಪಗೌಡ ಒಂದು ಚೀಲ ತಂದಾಗ ಒಂದೇ ಸೇರು ಅಳೆದುಕೊಂಡು ಉಳಿದದ್ದನ್ನು ಅವನ ಚಕ್ಕಡಿಗೇ ಹೇರಿದೆವು. ಸಿಟ್ಟಾದ. ನಮ್ಮ ಹಿರೇವಡ್ಡಟ್ಟಿಯೂ ಸೇರಿ ಆಚೀಚೆಯ ಐದು ಊರು ಹೀಗೆ ಮಾಡಿದವು. ಇಬ್ಬರು ದೊಡ್ಡವರ ಜಗಳದ ನಡುವೆ ನೀನು ಗೆದ್ದೆ. ಗೆದ್ದದ್ದು ಜೋಳದಿಂದಲೋ ಜಗಳದಿಂದಲೋ ನಾನು ಯಾರನ್ನೂ ಕೇಳಿಲ್ಲ.

ಇನ್ನು ಕರಾರು. ಬಡಿಗ, ಕಮ್ಮಾರ, ಹಡಪದವರಿಗೆ ವರ್ಷದ ಕೆಲಸಕ್ಕಾಗಿ ಸುಗ್ಗಿಯ ಕಣದಲ್ಲಿ ಜೋಳದ ಪಾಲು ಕೊಡುತ್ತೇವಲ್ಲ, ಆ ಆಯ ಇನ್ನು ಮೇಲೆ ನಿನಗೂ ಉಂಟು. ಊರಿನ ಎಲ್ಲ ಮನೆಗಳ ಹೆಸರು ಬರೆದು ಗಡಿಗೆಗೆ ಹಾಕಿ ಎತ್ತಿದ ಏಳು ಚೀಟಿಯವರು ನಿನ್ನ ಅವಧಿ ಮುಗಿಯುವವರೆಗೆ ಅದನ್ನು ನಿರ್ಧರಿಸುತ್ತಾರೆ. ಸರ್ಕಾರದ ಸಂಬಳದಲ್ಲಿ ನೀನು ಎಷ್ಟು ಇಟ್ಟುಕೊಳ್ಳಬೇಕು ಎಂಬುದನ್ನೂ ಅವರೇ ಹೇಳುತ್ತಾರೆ. ಆಯಕ್ಕೆ ನೀನೇ ಬಂದು ಕಣದಲ್ಲಿ ವಸ್ತ್ರ ಹಾಸಿ ನಿಲ್ಲಬೇಕು, ಇನ್ನೊಬ್ಬರ ಕೈಯಲ್ಲಿ ಕೊಡುವುದಿಲ್ಲ. ನನ್ನ ಅಪ್ಪ ಊರಿನ ಮುಲ್ಲಾ ಆಗಿದ್ದಾಗ ಒಂದು ವರ್ಷ ಚಳಿಜ್ವರ ಬಂದಿತ್ತು. ನಾನು ಹೋದರೆ ಕೊಡಲಿಲ್ಲ, ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋದ ಮೇಲೆ ಕೊಟ್ಟರು. ಮೂರು ಸುಗ್ಗಿ ಬಾರದಿದ್ದರೆ ಆಯ ಹೋಯಿತು.

ಇನ್ನೊಂದು, ಏಳರಲ್ಲೊಬ್ಬಳಾದ, ರಾಶಿ ತೂರುವ ಮುತ್ತವ್ವನ ಮಾತು. ಏಳು ಮಂದಿಗೆ ನೀನು ಬರೆಯುವುದೆಲ್ಲ ಕಾರ್ಡಿನಲ್ಲೇ ಇರಬೇಕು. "ಆಯಗಾರನ ಕಾಗದಕ್ಕ ಬಾಗಲಾ ಯಾಕ?" ಎಂದಳು. ಏಳು ಜನರಲ್ಲಿ ಓದು ಬಂದವನು ನೀಲಪ್ಪಗೌಡ ಒಬ್ಬ, ಅವನ ಕಣ್ಣಿಗೆ ಪೊರೆ ಬಂದಿದೆ. ಹೀಗಾಗಿ ಓದಿ ಹೇಳುವ ಕೆಲಸ ನನ್ನದು. ಚೀಟಿಯಲ್ಲಿ ನನ್ನ ಹೆಸರು ಬರಲಿಲ್ಲ, ಆದರೂ ನಾನು ಹೊರಗಿನವನಲ್ಲ.

ಅಕ್ಬರಸಾಬ

*

ಬೆಂಗಳೂರು
4 ಏಪ್ರಿಲ್ 1978

(ಕಾರ್ಡು)

ಏಳು ಮಂದಿಗೆ ನಮಸ್ಕಾರ. ಅಕ್ಬರ, ಗಟ್ಟಿಯಾಗಿ ಓದು, ಗುಡುಸಾಬನಿಗೆ ಎಡಗಿವಿ ಕೇಳಿಸುವುದಿಲ್ಲ. ಸಂಬಳ ಬಂತು. ಮುಟ್ಟಿಲ್ಲ. ಎಷ್ಟು ಇಟ್ಟುಕೊಳ್ಳಲಿ, ಹೇಳಿರಿ. ಇಲ್ಲಿ ಶಾಸಕರ ವಸತಿಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ನೆಲದ ಮೇಲೆ ನಮ್ಮ ತಾಲೂಕಿನ ಎಂಟು ಮಂದಿ ಮಲಗಿದ್ದಾರೆ. ನನ್ನ ಮಂಚದ ಮೇಲೆ ಒಬ್ಬರು ಮಲಗಿದ್ದಾರೆ, ಹೆಸರು ಗೊತ್ತಿಲ್ಲ, ಮತ ಹಾಕಿದವರೇ ಇರಬೇಕು. ನಾನು ಕುರ್ಚಿಯಲ್ಲಿದ್ದೇನೆ. ಹಳ್ಳದ ಸೇತುವೆಯ ಅರ್ಜಿ ಕೊಟ್ಟೆ.

ಬೀರಲಿಂಗಪ್ಪ

*

ಮುಂಡರಗಿ
30 ಏಪ್ರಿಲ್ 1978

ಬೀರ್ಯಾ,

ನಿನ್ನ ಸಂಬಳದ ಸಲುವಾಗಿ ಏಳು ಮಂದಿ ಮೂರು ಸಲ ಕೂತರು. ಕೂತದ್ದು ಕಣದ ಬೇವಿನ ಗಿಡದ ಕೆಳಗೆ. ಯಾರಿಗೂ ಕೂಲಿ ಬಿಟ್ಟು ಬರುವುದಾಗಲಿಲ್ಲ, ಅದಕ್ಕೇ ಮೂರು ಸಲ.

ಮುತ್ತವ್ವ ಕೇಳಿದಳು: "ಅಂವಗ ಅಲ್ಲಿ ದಿನಕ್ಕ ಎಷ್ಟ ರೊಟ್ಟಿ ಬೇಕಾಕ್ಕಾವ?"

"ಅಲ್ಲಿ ರೊಟ್ಟಿ ಎಲ್ಲೀದಬೇ, ಬರೇ ಅನ್ನಾ ತಿಂತಾರ," ಎಂದ ಗುಡುಸಾಬ. ಟಾಂಗಾ ಹೊಡೆಯುವವನಿಗೆ ದೂರದ ಊರುಗಳ ವಿಷಯ ಗೊತ್ತಿರಬೇಕೆಂದು ಎಲ್ಲರೂ ನಂಬಿದರು.

"ಹಂಗಾರ ಹೊಟ್ಟಿ ತುಂಬೂದಿಲ್ಲ. ಒಂದೀಟು ಹೆಚ್ಚ ಹಿಡೀರಿ."

ಕಡಿಮೆ ಕೊಡಬೇಕು ಎಂದು ನೀಲಪ್ಪಗೌಡ ಹಟ ಹಿಡಿಯುತ್ತಾನೆ ಎಂದುಕೊಂಡಿದ್ದೆ, ಚೀಲದ ಸಿಟ್ಟು ಇತ್ತಲ್ಲ. ಅವನು ಹೇಳಿದ್ದು ಬೇರೆ: "ಅಂವಾ ಬಂದ ಮಂದಿಗೆ ಚಾ ಕುಡಸಬೇಕು. ನಾವು ಕೈ ಬಿಗಿ ಹಿಡದ್ರ ಆ ಚಾದ ರೊಕ್ಕಾ ಬ್ಯಾರೆ ಯಾರರ ಕೊಡ್ತಾರ. ಆಮ್ಯಾಲ ಅವರ ಚಾ ಆಕ್ಕೈತಿ, ಅವರ ಮಾತ ಆಕ್ಕೈತಿ."

ಕೊನೆಗೆ ಹೈಸ್ಕೂಲಿನ ಹೆಡ್ ಮಾಸ್ತರರಿಗೆ ಬರುವಷ್ಟು, ಮೇಲೆ ದಿನಕ್ಕೆ ಇಪ್ಪತ್ತು ಚಹಾ, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವ ಖರ್ಚು ಎಂದು ಮಾಡಿದರು. ಮಿಕ್ಕದ್ದು ಹಳ್ಳದ ಸೇತುವೆಗೆ. ಹೆಚ್ಚು ಬೇಕಾದರೆ ಬಂದು ಕೇಳಬಹುದು. ಕೇಳಿದರೆ ತಪ್ಪು ತಿಳಿಯುವುದಿಲ್ಲ ಎಂದು ಬರೆಯಲು ಮುತ್ತವ್ವ ಎರಡು ಸಲ ಹೇಳಿದಳು.

ಅಕ್ಬರ

*

ಮುಂಡರಗಿ
6 ಏಪ್ರಿಲ್ 1979

ಬೀರಲಿಂಗಪ್ಪ,

ಮೊನ್ನೆ ಕಣದಲ್ಲಿ ನೀನು ತಲೆ ತಗ್ಗಿಸಿ ನಿಂತಿದ್ದೆ. ನಿನಗೆ ಕಾಣದ್ದನ್ನು ಬರೆಯುತ್ತೇನೆ.

ನೀನು ವಸ್ತ್ರ ಹಾಸಿದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅದು ಕುಚೋದ್ಯದ ನಗುವಲ್ಲ. ಕಮ್ಮಾರನ ನಂತರ, ಹಡಪದವನಿಗಿಂತ ಮೊದಲು ನಿನ್ನ ಸರದಿ ಬಂದದ್ದು ಅವರಿಗೆ ವಿಚಿತ್ರ ಕಂಡಿತು. ಮುತ್ತವ್ವ ಮೊದಲ ಸೇರನ್ನು ಒಂದು ಎನ್ನದೆ "ಲಾಭ" ಎಂದು ಎಣಿಸಿ ಹಾಕುವಾಗ ನಿನ್ನ ಮುಖವನ್ನೇ ನೋಡಿದಳು. ಸೇತುವೆ ಆಗಿಲ್ಲವೆಂದು ನಾಲ್ಕರಲ್ಲಿ ಒಂದು ಪಾಲು ಹಿಡಿದರಲ್ಲ, ಆಗ ನೀನು "ಖರೆ ಐತಿ ಬಿಡ್ರಿ" ಎಂದೆ. ನಿನ್ನ ಹಿಂದೆ ನಿಂತಿದ್ದ ಹಡಪದ ಹುಸೇನಪ್ಪ ಕಣ್ಣು ಒರೆಸಿಕೊಂಡ. ಹೋದ ವರ್ಷ ಅವನದೂ ಒಂದು ಪಾಲು ಹಿಡಿದಿದ್ದರು. ಶಾಸಕನಿಗೂ ಹಿಡಿಯುತ್ತಾರೆ ಎಂದು ಅವನಿಗೆ ಸಮಾಧಾನವಾಗಿರಬೇಕು.

ಉಳಿದ ನಾಲ್ಕು ಊರವರು ಈ ವರ್ಷ ಕಣ ಕೂಡಿಸಲಿಲ್ಲ. ಬೇಸರ ಬಂತಂತೆ.

ಇನ್ನೊಂದು ಮಾತು. ಇದು ಕಾರ್ಡಿನಲ್ಲಿ ಬರೆಯುವಂಥದ್ದಲ್ಲ. ಮಗಳು ಖೈರುನಬಿ ಹೋದ ವರ್ಷ ಹತ್ತನೆಯ ಇಯತ್ತೆ ಪಾಸಾದಳು. ಗದಗಿನಲ್ಲಿ ಮಾಸ್ತರರ ತರಬೇತಿಗೆ ಅರ್ಜಿ ಹಾಕಿದ್ದಾಳೆ. ಅಂಕ ಸಾಲುತ್ತವೆ ಎನ್ನುತ್ತಾರೆ, ಸಾಲುವುದಿಲ್ಲ ಎಂದೂ ಎನ್ನುತ್ತಾರೆ. ನೀನು ಒಂದು ಮಾತು ಹೇಳಿದರೆ ಎಂದು ದಾವಲಬಿ ಅನ್ನುತ್ತಿದ್ದಳು. ನಾನು ಅನ್ನುತ್ತಿಲ್ಲ.

ಅಕ್ಬರ

*

ಬೆಂಗಳೂರು
2 ಮೇ 1979

ಅಕ್ಬರ,

ನೀನು ಅನ್ನದಿದ್ದರೂ ಆಯಿತು. ಜೂನ್‌ನಲ್ಲಿ ಪತ್ರ ಬರುತ್ತದೆ. ಅಂಕ ಸಾಲುತ್ತಿದ್ದವು ಎಂದು ಇಲ್ಲಿಯ ಗುಮಾಸ್ತ ಹೇಳಿದ. ಸಾಲುತ್ತಿದ್ದರೆ ನಾನು ಹೇಳುವ ಅಗತ್ಯವೇನಿತ್ತು ಎಂದು ಕೇಳಿದೆ. ಅವನು ನಕ್ಕ. ಹುಡುಗಿಗೆ ಏನೂ ಹೇಳಬೇಡ, ತನ್ನ ಅಂಕಗಳಿಂದಲೇ ಬಂತು ಎಂದುಕೊಳ್ಳಲಿ.

ಏಳು ಮಂದಿಗೆ ಕಾರ್ಡು ಬೇರೆ ಹಾಕಿದ್ದೇನೆ. ಜೋಳದ ರೊಟ್ಟಿ ಚೆನ್ನಾಗಿ ಬಂದವು ಎಂದು ಮುತ್ತವ್ವನಿಗೆ ತಿಳಿಸು.

ಬೀರಲಿಂಗಪ್ಪ

*

ಮುಂಡರಗಿ
28 ಮಾರ್ಚ್ 1980

ಮಾನ್ಯ ಶಾಸಕರಿಗೆ,

ಜನವರಿಯಲ್ಲಿ ತಾವು ಅತ್ತಣ ಬೆಂಚಿನಿಂದ ಇತ್ತಣ, ಸರ್ಕಾರದ ಬೆಂಚಿಗೆ ಬಂದಿರಿ ಎಂದು ಪೇಪರಿನಲ್ಲಿ ಓದಿದೆವು. ಬಂದವರು ಬಹಳ ಮಂದಿ, ಅವರಲ್ಲಿ ತಮ್ಮ ಹೆಸರು ಕೊನೆಗಿತ್ತು. ಏಳು ಮಂದಿಗೆ ಕಾರ್ಡು ಬರಲಿಲ್ಲ.

ನಿನ್ನೆ ಸುಗ್ಗಿಯ ಕಣಕ್ಕೆ ಒಂದು ಜೀಪು ಬಂತು. ಅಲ್ಲಾಉದ್ದೀನ ಎಂಬ ಬಿಳಿ ಪ್ಯಾಂಟಿನ ಹುಡುಗ ಇಳಿದು, ಸಾಹೇಬರಿಗೆ ಸಭೆ ಇದೆ, ಆಯ ನಾನು ಒಯ್ಯುತ್ತೇನೆ ಎಂದ. ಏಳು ಮಂದಿಗೆ ಏಳು ಸೀರೆ-ಧೋತರಗಳ ಗಂಟೂ ತಂದಿದ್ದ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

"ಯಾರ್ದೋ ತಮ್ಮಾ ಈ ಜೀಪು?" ಎಂದಳು ಮುತ್ತವ್ವ.

"ಸಾಹೇಬರದ ರೀ."

"ಸಾಹೇಬಗ ನಾವು ಬಸ್ಸಿನ ಖರ್ಚ ಅಷ್ಟ ಕೊಟ್ಟೇವಿ. ಜೀಪು ಯಾರ ಕೊಟ್ರು?"

"ಗದಗಿನ ಹತ್ತಿ ದಲಾಲಿ ಸಾವಕಾರ್ರು, ತಿರುಗ್ಯಾಡಾಕ."

"ಹಂಗಾರ ಆಯಾನೂ ಅವರ ಕಣದಾಗ ಇಸ್ಕೋ ಅನ್ನು."

ಹುಡುಗ ನನ್ನ ಕಡೆ ನೋಡಿದ. ನಾನು ಬೇವಿನ ಗಿಡದ ಕಡೆ ನೋಡಿದೆ. ಗಂಟು ಬಿಚ್ಚಲಿಲ್ಲ, ಜೀಪಿನಲ್ಲೇ ಹೋಯಿತು. ತಮ್ಮ ರಾಶಿಯನ್ನು ಅಳೆದು ಎರಡು ದಿನ ಕಣದ ಮೂಲೆಯಲ್ಲಿಡುತ್ತಾರೆ. ಆಮೇಲೆ ಊರ ಕೋಳಿಗಳಿಗೆ ಹಾಕುತ್ತಾರೆ, ಆಯ ಮರಳಿ ಮನೆಗೆ ಒಯ್ಯುವ ಹಾಗಿಲ್ಲ.

ಇಂತಿ,
ಅಕ್ಬರಸಾಬ ಮುಲ್ಲಾ

*

ಬೆಂಗಳೂರು
15 ಜುಲೈ 1980

ಅಕ್ಬರ,

ನೀನು ನನ್ನನ್ನು ತಾವು ಎಂದು ಬರೆದೆ. ನಾಲ್ಕು ತಿಂಗಳು ಆ ಕಾಗದ ಮೇಜಿನಲ್ಲಿತ್ತು.

ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ ಸೇತುವೆಯ ಅರ್ಜಿ ಎಲ್ಲಿದೆ ಎಂದು ಹೇಳುವವರೂ ಇರಲಿಲ್ಲ. ಈಗ ಎಲ್ಲಿದೆ ಎಂದು ಹೇಳುತ್ತಾರೆ. ಇಷ್ಟೇ ವ್ಯತ್ಯಾಸ. ಜೀಪಿನ ವಿಷಯಕ್ಕೆ ಬಂದರೆ, ನೀಲಪ್ಪಗೌಡ ಚಹಾದ ಮಾತು ಹೇಳಿದ್ದನಲ್ಲ, ಅದು ನೆನಪಿದೆ. ಮುಂದಿನ ಚುನಾವಣೆ ಒಂದು ಸೇರು ಜೋಳದಲ್ಲಿ ಆಗುವುದಿಲ್ಲ, ನಿನಗೂ ಗೊತ್ತು. ನಾಲ್ಕು ಊರಿಗೆ ಒಂದೇ ವರ್ಷಕ್ಕೆ ಬೇಸರ ಬಂತು ಎಂದು ನೀನೇ ಬರೆದಿದ್ದೆ. ಬೇಸರ ಬಾರದವರು ದಲಾಲಿಗಳು ಮಾತ್ರ.

ಇದನ್ನು ಲಕೋಟೆಯಲ್ಲಿ ಹಾಕುತ್ತಿದ್ದೇನೆ. ಏಳು ಮಂದಿಗೆ ಏನು ಓದಬೇಕೋ ಅದನ್ನು ಓದು.

ನನ್ನವಳು, ಅಮೃತವ್ವ, ಬೆಟಗೇರಿಯಲ್ಲೇ ತವರಿನ ಮಗ್ಗದ ಮನೆಯಲ್ಲಿದ್ದಾಳೆ. ಇಲ್ಲಿಗೆ ಬಾ ಎಂದರೆ, ಅಲ್ಲಿ ನೆಲದ ಮೇಲೆ ಜಾಗವಿಲ್ಲವಂತಲ್ಲ ಎನ್ನುತ್ತಾಳೆ. ಈಗ ನೆಲದ ಮೇಲೆ ಯಾರೂ ಮಲಗುವುದಿಲ್ಲ. ಬಾಗಿಲಲ್ಲಿ ಒಬ್ಬನನ್ನು ಇಟ್ಟಿದ್ದಾರೆ.

ಬೀರಲಿಂಗಪ್ಪ

*

ಮುಂಡರಗಿ
10 ಫೆಬ್ರವರಿ 1981

(ಕಾರ್ಡು)

ಶಾಸಕರಿಗೆ. ತಮ್ಮ ತಮ್ಮ ಸಂಬಳ ಹೆಚ್ಚಿಸಿಕೊಳ್ಳಲು ಶಾಸಕರು ಮಸೂದೆ ತರುತ್ತಾರೆಂದು ಪೇಪರಿನಲ್ಲಿದೆ. ಏಳು ಮಂದಿ ಕೂತು ಹೇಳಿದ್ದು: ಹೆಚ್ಚು ಬೇಡವೆಂದಲ್ಲ, ಕೇಳಿದರೆ ಕೊಟ್ಟೇವು. "ತನ್ನ ಆಯಾ ತಾನ ಅಳಕೊಳ್ಳೂ ಆಯಗಾರ ಯಾವ ಊರಾಗ ಅದಾನ?" ಎಂದು ಮುತ್ತವ್ವ ಕೇಳುತ್ತಾಳೆ. ಆದ್ದರಿಂದ ತಾವು ಎದ್ದು ನಿಂತು, ನಮ್ಮೂರವರನ್ನು ಕೇಳದೆ ಆಗದು ಎನ್ನಬೇಕು. ಒಬ್ಬರೇ ಇದ್ದರೂ ಎದ್ದು ನಿಲ್ಲಬೇಕು. ಅಷ್ಟೇ.

ಏಳು ಮಂದಿಯ ಪರವಾಗಿ, ಅಕ್ಬರಸಾಬ

*

ಬೆಂಗಳೂರು
19 ಏಪ್ರಿಲ್ 1981

ಅಕ್ಬರ,

ಮಸೂದೆ ಹೋದ ವಾರ ಆಯಿತು. ಮಧ್ಯಾಹ್ನ ಊಟದ ಹೊತ್ತಿಗೆ ತಂದರು. ಕಾರ್ಡು ನನ್ನ ಕಿಸೆಯಲ್ಲಿತ್ತು. ಒಪ್ಪುವವರು ಹೌದು ಎನ್ನಿ ಎಂದರು. ಎರಡೂ ಕಡೆಯ ಬೆಂಚುಗಳಿಂದ ಒಂದೇ ದನಿ ಬಂತು, ಇಷ್ಟು ವರ್ಷಗಳಲ್ಲಿ ಹಾಗೆ ಒಂದೇ ದನಿ ಕೇಳಿದ್ದು ಅದೇ ಮೊದಲು. ಅದರಲ್ಲಿ ನನ್ನ ದನಿ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಾಯಿ ತೆರೆದಿತ್ತು. ಅಷ್ಟರಲ್ಲಿ ಮುಂದಿನ ವಿಷಯ ಬಂದಿತ್ತು. ಏಳು ಮಂದಿಗೆ ಹೇಗೆ ಹೇಳುತ್ತೀಯೋ ಹೇಳು. ಸುಗ್ಗಿಗೆ ಬರುವುದಾಗಲಿಲ್ಲ.

ಇದರ ಜೊತೆ ಖೈರುನಬಿಯ ನೇಮಕದ ಆದೇಶದ ಪ್ರತಿ ಇದೆ. ಶಿರಹಟ್ಟಿ ತಾಲೂಕು, ಲಕ್ಷ್ಮೇಶ್ವರದ ಪ್ರಾಥಮಿಕ ಶಾಲೆ. ದೂರದೂರಿಗೆ ಹಾಕಿದ್ದರು, ಬದಲಿಸಿದೆ. ವಾರಕ್ಕೊಮ್ಮೆ ಮನೆಗೆ ಬರಬಹುದು.

ಬೀರಲಿಂಗಪ್ಪ

*

ಮುಂಡರಗಿ
4 ಮೇ 1981

ಬೀರಲಿಂಗಪ್ಪ,

ಲಕೋಟೆ ಮುಟ್ಟಿತು. ಎರಡೂ ಮುಟ್ಟಿದವು. ಖೈರುನಬಿಯನ್ನು ಲಕ್ಷ್ಮೇಶ್ವರಕ್ಕೆ ಬಿಟ್ಟು ಬಂದೆ. ದರ್ಗಾದ ಹತ್ತಿರ ಕೋಣೆ ಸಿಕ್ಕಿದೆ, ಮನೆಯೊಡತಿ ಹಸೀನಾಬಿ ಒಳ್ಳೆಯವಳು.

ಪತ್ರವನ್ನು ಏಳು ಮಂದಿಗೆ ಓದಿ ಹೇಳಿದೆ. ಅವರಿಗೆ ಸಮಾಧಾನವಾಯಿತು.

ಅಕ್ಬರ

*

ಬೆಂಗಳೂರು
12 ಏಪ್ರಿಲ್ 1982

ಅಕ್ಬರ,

ನೀನು ಅವರಿಗೆ ಏನು ಓದಿದೆ?

ಸುಗ್ಗಿಗೆ ಬರುವಾಗ ಗದಗ ಸ್ಟೇಷನ್ನಿನಲ್ಲಿ ಗುಡುಸಾಬ ಸಿಕ್ಕಿದ್ದ. ಟಾಂಗಾ ಬಾಡಿಗೆ ತೆಗೆದುಕೊಳ್ಳಲಿಲ್ಲ, "ನೀ ಎದ್ದ ನಿಂತಿಯಲ್ಲೋ, ಅಷ್ಟ ಸಾಕು" ಎಂದ. ನನಗೆ ಅರ್ಥವಾಗಲಿಲ್ಲ. ಇನ್ನೊಂದು ವರ್ಷಕ್ಕೆ ಚುನಾವಣೆ ಬರುತ್ತದೆ, ಈ ಸುಗ್ಗಿಗೂ ಬಾರದಿದ್ದರೆ ಮೂರಾಗುತ್ತದೆ ಎಂದು ಲೆಕ್ಕ ಹಾಕಿ ಬಂದವನು ನಾನು, ಮುಚ್ಚಿಡುವುದಿಲ್ಲ. ಬೈಯುತ್ತಾರೆ ಎಂದುಕೊಂಡೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ವಸ್ತ್ರ ಹಾಸಿದೆ.

ಮುತ್ತವ್ವ ಜೀಪಿನ ಮಾತೆತ್ತಿದಳು, ಬೆಂಚಿನ ಮಾತೆತ್ತಿದಳು. ಆಮೇಲೆ ಎಲ್ಲರ ಕಡೆ ತಿರುಗಿ, "ಅಷ್ಟೂ ಮಂದಿ ಹೂಂ ಅಂದಾಗ ಇಂವ ಒಬ್ಬಾವ ಎದ್ದ ನಿಂತಾನ. ಕಾಲು ನಡಗಿರಬೇಕು" ಎಂದಳು. ಪೂರ್ತಿ ಪಾಲು ಹಾಕಿದರು. ಹಿಂದೆ ಹಿಡಿದದ್ದನ್ನೂ ಹಾಕಿದರು. ಸೇತುವೆ ಇನ್ನೂ ಆಗಿಲ್ಲ, ಅಕ್ಬರ. ಆದರೂ ಹಾಕಿದರು.

ನಾನು ನಿನ್ನ ಕಡೆ ನೋಡಿದೆ. ನೀನು ಬೇವಿನ ಗಿಡದ ಕಡೆ ನೋಡುತ್ತಿದ್ದೆ. ನಾನು ಬಾಯಿ ತೆರೆಯಲಿಲ್ಲ. ಈ ಸಲ ತೆರೆದಿರಲಿಲ್ಲ ಎಂಬುದು ಮಾತ್ರ ಖಾತ್ರಿ.

ಈಗ ಚೀಲ ಮಂಚದ ಕೆಳಗಿದೆ. ಅದರ ಪಕ್ಕದಲ್ಲಿ ಇನ್ನೊಂದು ಚೀಲವಿದೆ, ಎಪ್ಪತ್ತೊಂಬತ್ತರದು. ಇಲ್ಲಿಯ ಅಡಿಗೆಯವರಿಗೆ ರೊಟ್ಟಿ ತಟ್ಟಲು ಬರುವುದಿಲ್ಲ. ಚೆನ್ನಾಗಿ ಬಂದವು ಎಂದು ನಾನು ಬರೆದದ್ದು ಸುಳ್ಳು. ಎಲ್ಲ ನುಸಿ ಹಿಡಿದು ಹಿಟ್ಟಾಗಿದೆ. ಎಸೆಯಲು ಆಗಿಲ್ಲ.

ಉತ್ತರ ಬರೆ.

ಬೀರಲಿಂಗಪ್ಪ

*

ಬೆಟಗೇರಿ
25 ಜನವರಿ 1983

ಅಕ್ಬರ,

ಒಂಬತ್ತು ತಿಂಗಳಾದವು, ನೀನು ಬರೆಯಲಿಲ್ಲ. ಪ್ರಚಾರಕ್ಕೆ ಮುಂಡರಗಿಗೆ ಬಂದಾಗ ನಿನ್ನ ಅಂಗಡಿಗೆ ಬೀಗವಿತ್ತು. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಬೀಗ ನೋಡಿಕೊಂಡು ಹೋದೆ.

ಸೋತೆ. ಜೀಪು ಫಲಿತಾಂಶದ ಸಂಜೆಯೇ ಬಂದು ಹೋಯಿತು. ಅಲ್ಲಾಉದ್ದೀನನೇ ಬಂದಿದ್ದ, ಈಗ ಅವನ ಸಾಹೇಬರು ಬೇರೆ. ನಮ್ಮೂರಿನಲ್ಲಿ ಮಾತ್ರ ನನಗೆ ಹೆಚ್ಚು ಮತ ಬಿದ್ದಿದೆ ಎಂದು ಎಣಿಕೆಯವರು ಹೇಳಿದರು. ಯಾವುದಕ್ಕೆ ಬಿದ್ದಿದೆ ಎಂದು ನಿನಗೂ ನನಗೂ ಗೊತ್ತು. ಸೋತದ್ದಕ್ಕಿಂತ ಅದೇ ಹೆಚ್ಚು ಕಾಡುತ್ತದೆ.

ಅಮೃತವ್ವನಿಗೆ ಮಗ್ಗದ ಕಂಡಿಕೆ ಸುತ್ತಿ ಕೊಡುತ್ತೇನೆ. ನೂಲು ಪದೇಪದೇ ಹರಿಯುತ್ತದೆ. ಆಕೆ ಗಂಟು ಹಾಕಿ ಕೊಡುತ್ತಾಳೆ.

ಬೀರಲಿಂಗಪ್ಪ

*

ಮುಂಡರಗಿ
27 ಮಾರ್ಚ್ 1983

ಬೀರಲಿಂಗಪ್ಪ,

ಒಳಗೆ ಇದ್ದೆ. ಬೀಗ ಹೊರಗಿನಿಂದ ಹಾಕಿಸಿಕೊಂಡಿದ್ದೆ.

ನೀನು ಕೇಳಿದ್ದಕ್ಕೆ ಈಗ ಉತ್ತರ. ನಿನ್ನ ಕಾಗದವನ್ನು ಇದ್ದ ಹಾಗೇ ಓದುತ್ತ ಹೋದೆ. ಊಟದ ಹೊತ್ತು, ಎರಡು ಕಡೆಯ ಬೆಂಚು, ಒಂದೇ ದನಿ. ಅಲ್ಲಿಯವರೆಗೆ ಅಕ್ಷರ ಬಿಡದೆ ಓದಿದೆ. ಏಳೂ ಮುಖ ನನ್ನ ಬಾಯಿಯನ್ನೇ ನೋಡುತ್ತಿದ್ದವು. ಖೈರುನಬಿಯ ಆದೇಶ ಅದೇ ಲಕೋಟೆಯಲ್ಲಿ, ನನ್ನ ಹೆಬ್ಬೆರಳಿನ ಕೆಳಗೆ, ಮಡಚಿಕೊಂಡಿತ್ತು. "ನಾನೊಬ್ಬ ಎದ್ದು ನಿಂತೆ" ಎಂದು ಓದಿದೆ. ಒಂದೇ ಸಾಲು. ಹಾಗೆ ಓದುವೆನೆಂದು ಮೊದಲೇ ಗೊತ್ತಿರಲಿಲ್ಲ. ಅದು ನಿನಗಾಗಿ ಎಂದು ಬಹಳ ದಿನ ಅಂದುಕೊಂಡೆ, ಅಲ್ಲ. ನಿನ್ನ ಆಯ ಹೋದರೆ ಅದರ ಹಿಂದಿನದೆಲ್ಲ ಕೇಳುತ್ತಾರೆ, ಲಕೋಟೆ ಯಾಕೆ ಎನ್ನುತ್ತಾರೆ, ನನ್ನವರೆಗೆ ಬರುತ್ತದೆ. ನನಗಾಗಿಯೇ ಓದಿದೆ. ನಿನಗೆ ಜೀಪು ಕೊಟ್ಟವರ ಮುಂದೆ ನೀನು ಹೇಗಿದ್ದೆಯೋ ನಿನ್ನ ಮುಂದೆ ನಾನು ಹಾಗಿದ್ದೆ. ಒಂದೇ ಬಟ್ಟೆಯ ಎರಡು ತುಂಡು.

ಜನವರಿಯಲ್ಲಿ ಖೈರುನಬಿ ರಜೆಗೆ ಬಂದಿದ್ದಳು. ಸೂಜಿ ಹುಡುಕಲು ಹೊಲಿಗೆ ಯಂತ್ರದ ಡ್ರಾಯರು ಎಳೆದಳು. ಲಕೋಟೆ ಓದಿದಳು. ಊರೆಲ್ಲ ಹೇಳುವ ಕತೆ ಅವಳಿಗೆ ಗೊತ್ತಿತ್ತು. ಶಾಲೆಯ ಮಕ್ಕಳಿಗೂ ಹೇಳಿದ್ದಳಂತೆ, ನಮ್ಮೂರ ಒಬ್ಬ ಮನುಷ್ಯ ಎದ್ದು ನಿಂತ ಎಂದು.

"ಅಬ್ಬಾ, ಆ ಸಾಲು ಇದರಾಗ ಎಲ್ಲೈತಿ?" ಎಂದಳು.

ನಾನು ಯಂತ್ರ ತುಳಿದೆ. ಬಟ್ಟೆ ಇರಲಿಲ್ಲ, ಬರೀ ತುಳಿದೆ.

"ನನ್ನ ಆರ್ಡರ್ ಇದರಾಗ ಯಾಕೈತಿ?"

ಅದಕ್ಕೂ ತುಳಿದೆ. ಅವಳು ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಲಕ್ಷ್ಮೇಶ್ವರದ ಬಸ್ಸು ಹತ್ತುವಾಗ, "ಸುಗ್ಗಿಗೆ ಬರ್ತೇನಿ. ನೀ ಹೇಳ್ತಿಯೋ ನಾ ಹೇಳ್ಲೋ" ಎಂದಳು.

ನಾನೇ ಹೇಳಿದೆ. ನಿನ್ನೆ, ಕಣದಲ್ಲಿ. ವಸ್ತ್ರ ಹಾಸಿ ನಿಂತೆ. ಆಯವಿಲ್ಲದವನು ಯಾಕೆ ಹಾಸುತ್ತಾನೆ ಎಂದು ಎಲ್ಲರೂ ನೋಡಿದರು. ತರಬೇತಿಯ ಸೀಟು, ಲಕೋಟೆ, ಆ ಒಂದು ಸಾಲು, ಎಲ್ಲ ಹೇಳಿದೆ. ಮುಗಿಸಲು ಬಹಳ ಹೊತ್ತು ಹಿಡಿಯಲಿಲ್ಲ. ಐದು ವರ್ಷದ್ದು ಇಷ್ಟೇ ಹೊತ್ತಿನದೇ ಎನಿಸಿತು.

ನೀಲಪ್ಪಗೌಡ ಪೊರೆಯ ಕಣ್ಣನ್ನು ನನ್ನ ಕಡೆ ತಿರುಗಿಸಿ, "ನನ್ನ ಒಂದ ಚೀಲಾ ತಿರುಗಿ ಕಳಿಸಿದ್ರಿ" ಎಂದ. ಗುಡುಸಾಬ ಬಲಗಿವಿಗೆ ಕೈ ಹಚ್ಚಿಕೊಂಡು ಎರಡನೆಯ ಸಲ ಹೇಳಿಸಿದ. ಗಟ್ಟಿಯಾಗಿ ಹೇಳಬೇಕಾಯಿತು.

ಮುತ್ತವ್ವ ಮೊರ ಕೆಳಗಿಟ್ಟಳು. ಅವಳು ಅಳುತ್ತಾಳೆ ಎಂದುಕೊಂಡೆ. "ಎದ್ದ ಅರ ನಿಂತಿಲ್ಲ, ಹೋಗ್ಲಿ. ಕೂತೇನಿ ಅಂತ ಬರದಿದ್ದಾ?" ಎಂದಳು. ಬರೆದಿದ್ದ ಎಂದೆ. "ಹಂಗಾರ ಅಂವಾ ನಿನಗಿಂತ ಖರೇ ಅದಾನ. ಕಳ್ಳ ನೀನು."

ಏಳು ಮಂದಿ ಬೇರೆ ಹೋಗಿ ಕೂತರು. ನಾನು ಹಾಸಿದ ವಸ್ತ್ರದ ಹಿಂದೆ ನಿಂತೇ ಇದ್ದೆ. ಏನು ಮಾಡಿದರೆಂದು ಅವರೇ ಬರೆಸುತ್ತಾರಂತೆ. ಬರೆಯುವ ಕೆಲಸ ಇನ್ನು ನನ್ನದಲ್ಲ.

ಅಕ್ಬರ

*

ಕಣ
28 ಮಾರ್ಚ್ 1983

(ಕಾರ್ಡು. ಸಣ್ಣ ದುಂಡು ಅಕ್ಷರ)

ಬೀರ್ಯಾಗ ಮುತ್ತವ್ವ ಬರಸೂದು. ಬರಿಯಾಕಿ ಮುಲ್ಲಾನ ಮಗಳು ಖೈರುನಬಿ. ಇನ್ನ ಮ್ಯಾಲೆ ನಮ್ಮ ಕಾಗದ ಇಬ್ಬರು ಓದಬೇಕು, ಒಬ್ಬರ ಬಾಯಿ ನಂಬೂದಿಲ್ಲ ಅಂತ ಮಾಡೇವಿ. ಈಕಿ ನೌಕರಿ ಬಿಡ್ತೇನಿ ಅಂದ್ಲು. ಬ್ಯಾಡ ಅಂದ್ವಿ, ಸಾಲಿ ಹುಡುಗ್ರು ಏನ ಮಾಡ್ಯಾವು. ಐತವಾರ ಬಂದು ಏಳೂ ಮಂದಿಗೆ ಅಕ್ಷರಾ ತೀಡಸ್ಬೇಕು. ನನಗ ಮದಲನೇ ದಿನಾನ ಬೆರಳ ನೊಂದಾವು.

ನೀ ಸೋತಿ. ಸೋತ್ರೇನು, ಕಡೀ ವರ್ಷದ ಆಯಾ ಇನ್ನೂ ಐತಿ. ರಾಶಿ ಅಳದಿಲ್ಲ. ಎಷ್ಟ ಹಾಕಬೇಕು, ಎಷ್ಟ ಹಿಡೀಬೇಕು ಅನ್ನೂದು ನೀ ಬಂದು ನಿನ್ನ ಬಾಯಿಲೆ ಹೇಳಿದ ಮ್ಯಾಲೆ. ಅಕ್ಬರ ಅಲ್ಲೇ ನಿಂತಿರ್ತಾನ, ಅವನ್ನೂ ನಿಲ್ಲಸ್ತೇವಿ. ಕೋಳಿಗೆ ಹಾಕಾಕ ಮನಸಿಲ್ಲ. ಅಡ್ಡ ಮಳಿ ಬರೂಕಿಂತ ಮದಲ ಬಾ. ಕಾರ್ಡು ತುಂಬಿತು ಅಂತಾಳ ಈ ಹುಡುಗಿ. ಏನರ ಆಗಲಿ, ಉಂಡ ಹೋಗ

(ಹೆಬ್ಬೆಟ್ಟು)

*

ಬೆಟಗೇರಿ
2 ಏಪ್ರಿಲ್ 1983

(ಕಾರ್ಡು)

ಏಳು ಮಂದಿಗೆ. ಅಂದು ನಾನು ಎದ್ದು ನಿಲ್ಲಲಿಲ್ಲ. ಹೋದ ವರ್ಷ ಕಣದಲ್ಲಿ ಅದನ್ನು ಹೇಳಲೂ ಇಲ್ಲ. ಬುಧವಾರ ಬೆಳಗಿನ ಬಸ್ಸಿಗೆ ಬಂದು ಹೇಳುತ್ತೇನೆ. ವಸ್ತ್ರ ತರುತ್ತೇನೆ. ನುಸಿ ಹಿಡಿದ ಎಪ್ಪತ್ತೊಂಬತ್ತರ ಚೀಲವನ್ನೂ, ಹೋದ ವರ್ಷದ್ದನ್ನೂ ತರುತ್ತೇನೆ. ಈ ಕಾರ್ಡನ್ನು ಬೆಟಗೇರಿಯ ಅಂಚೆಯವನು ಡಬ್ಬಿಗೆ ಹಾಕುವ ಮೊದಲೇ ನನ್ನ ಮುಂದೆ ಓದಿದ. ಓದಲಿ ಎಂದೆ.

ಬೀರಲಿಂಗಪ್ಪ